ಗಾಳಿ ಹೊಲಿಗೆ

ಕೌಲ್‌ಬಜಾರಿನ ಇಮಾಂಬಿ
ಮುರಿದ ಹಲ್ಲನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದಿದ್ದಳು,
ಮೊಮ್ಮಗಳ ಹಾಲುಹಲ್ಲೇನೋ ಎಂಬಂತೆ.
ಹೊಲಿಗೆ ಮಿಷನ್ನಿನ ಹಲ್ಲು ಅದು. ಸೂಜಿಯಡಿ ಕೂತು
ಜೀನ್ಸಿನ ದಪ್ಪ ಮಡಿಕೆಯನ್ನು
ಎಳ್ಳಿನಷ್ಟೆಳ್ಳಿನಷ್ಟೇ ಮುಂದಕ್ಕೆ ನೂಕುವುದು.
ಮಿಷನ್ ಮಾಡಿದ ಕಂಪನಿ ಮುಚ್ಚಿ ಇಪ್ಪತ್ತು ವರ್ಷ.
"ನಿಮ್ಮ ಪೆಟ್ಟಿಗಿ ಪುಡಿಯಿಂದ ಉಕ್ಕು ಮಾಡ್ತದಂತಲ್ಲ,
ಒಂದು ಹಲ್ಲು ಮಾಡಿಕೊಡವ್ವ."

ಮುಂಡ್ರಗಿಯ ನಮ್ಮ ಶೆಡ್ಡಿನ ಹೊರಗೆ
ಅದಿರು ಲಾರಿ ಎಬ್ಬಿಸಿದ ಕೆಂಪು:
ಬೇವಿನೆಲೆಯ ಮೇಲೆ, ಹೊಸಿಲ ಮೇಲೆ, ಚಹದ ಕೆನೆಯ ಮೇಲೆ.
ಎರಡು ಬಾಗಿಲು ದಾಟಿದರೆ
ಆರ್ಗಾನ್ ತುಂಬಿದ ಪೆಟ್ಟಿಗೆ, ಒಳಗೆ ಬೂದು ಪುಡಿ,
ಕಣಕಣವೂ ದುಂಡಗೆ, ಒಂದಕ್ಕೊಂದು ಪರಿಚಯವಿಲ್ಲದ್ದು.
ಎರಡೂ ಧೂಳೇ. ಒಂದನ್ನು ದಿನಕ್ಕೆ ಮೂರು ಸಲ ಗುಡಿಸುತ್ತೇನೆ,
ಇನ್ನೊಂದಕ್ಕೆ ಕಿಲೋಗೆ ಸಾವಿರಗಟ್ಟಲೆ ತೆರುತ್ತೇವೆ.

ಮೊದಲ ಸಲ ನನಗೆ ಅವಸರ.
ಲೇಸರಿನ ವೇಗ ಸೆಕೆಂಡಿಗೆ ಒಂದೂವರೆ ಮೀಟರು,
ಗೆರೆಗೆರೆಯ ನಡುವೆ ಕೊಂಚ ಧಾರಾಳ.
ಸಂಜೆಯೊಳಗೆ ಮುಗಿಯಿತು. ಹೊಳೆಯಿತು ಕೂಡ.
ಗಾದಿಲಿಂಗ ಮೇಸ್ತ್ರಿ, ಮೂವತ್ತು ವರ್ಷ ವೆಲ್ಡಿಂಗ್ ಮಾಡಿ
ಎಡಗಣ್ಣು ಮಂಜಾದವ, ಅದನ್ನು ನೆಲಕ್ಕೆ ಬೀಳಿಸಿ ಕಿವಿಗೊಟ್ಟ.
"ಒಡಕು ಮಡಕಿ ಸದ್ದು," ಎಂದ.
ನಾನು ಚಹಕ್ಕೆ ಹೋದೆ.

ಮೂರನೆಯ ಪ್ಯಾಂಟಿನ ಸೊಂಟಪಟ್ಟಿಗೇ ಅದು ಲಟಕ್ಕೆಂದಿತು.

ಮುರಿದ ಮುಖವನ್ನು ಸೂಕ್ಷ್ಮದರ್ಶಕದಡಿ ಇಟ್ಟೆ:
ಕರಗದೆ ಉಳಿದ ಕಣಗಳು, ಸಜ್ಜೆಕಾಳಿನಂತೆ ಇಡಿಯಾಗಿ,
ಭುಜಕ್ಕೆ ಭುಜ ಮಾತ್ರ ತಾಗಿಸಿಕೊಂಡು,
ಸಿರುಗುಪ್ಪ ಬಸ್ಸಿನ ಒಂದೇ ಸೀಟಿನ ಅಪರಿಚಿತರು.
ಇಮಾಂಬಿ ನನ್ನನ್ನು ಪಕ್ಕಕ್ಕೆ ಸರಿಸಿ ಕಣ್ಣಿಟ್ಟಳು.
ಬಹಳ ಹೊತ್ತು ನೋಡಿದಳು.
"ಗಾಳಿ ಹೊಲಿಗಿ ಇದು.
ಕಾಲು ಜೋರು ಒತ್ತಿದ್ರ ಸೂಜಿ ಓಡ್ತದ, ದಾರ ಹಿಡಿಯಲ್ಲ.
ಮ್ಯಾಲಿಂದ ಗೆರಿ ಚಂದ ಕಾಣ್ತದ. ಜಗ್ಗು, ಬಿಚ್ಚಿಕೊಂತದ.
ಮತ್ತ ನೋಡು, ಈ ಸಾಲು ಆ ಸಾಲಿನ ಸೆರಗು ತುಳಿದೇ ಇಲ್ಲ."

ಐದು ತಿಂಗಳ ತರಬೇತಿಯಲ್ಲಿ ಯಾರೂ ಹಾಗೆ ಹೇಳಿರಲಿಲ್ಲ.

ಮರುದಿನ ಹಟಕ್ಕೆ ಬಿದ್ದು ನಿಧಾನಿಸಿದೆ, ವ್ಯಾಟನ್ನೂ ಏರಿಸಿದೆ.
ಬೆಳಕು ಕೊಳ ಮಾಡುವ ಬದಲು ಬಾವಿ ತೋಡಿತು.
ತಳದಲ್ಲಿ ಲೋಹವೇ ಕುದಿದು ಆವಿಯಾಯಿತು,
ಆವಿ ಮೇಲೆ ಬರುವ ಮೊದಲೇ ಬಾವಿಯ ಬಾಯಿ ಮುಚ್ಚಿತು.
ಕೊಯ್ದು ಉಜ್ಜಿದರೆ ಒಳಗೆಲ್ಲ ದುಂಡು ದುಂಡು ತೂತು.
ಮೇಸ್ತ್ರಿ ಇಣುಕಿದ: "ಏನು, ದೋಸಿ ಹಾಕಿದಿ?"

ಆಮೇಲೆ ಬೆಲ್ಲದ ಹರಳಿನಷ್ಟು ಒಂಬತ್ತು ತುಂಡು,
ಒಂದೊಂದಕ್ಕೆ ಒಂದೊಂದು ವೇಗ.
ಮೇಸ್ತ್ರಿ ಕಣ್ಣು ಮುಚ್ಚಿ ಕೂತ, ನಾನು ಬೀಳಿಸಿದೆ.
ಏಳನೆಯದಕ್ಕೆ ಕೈಯೆತ್ತಿದ. ಸೂಕ್ಷ್ಮದರ್ಶಕವೂ ಅದಕ್ಕೇ ಒಪ್ಪಿತು.
ಎರಡನೆಯದಕ್ಕೂ ಎತ್ತಿದ್ದ; ಅದು ಟೊಳ್ಳು.
ಅದನ್ನು ನಾನು ಯಾರಿಗೂ ಹೇಳಿಲ್ಲ.

ರಾತ್ರಿಯೆಲ್ಲ ಗಾಜಿನ ಕಿಂಡಿಗೆ ಹಣೆಯಾನಿಸಿ ನೋಡಿದೆ:
ಕೂದಲೆಳೆಯ ಅರ್ಧದಷ್ಟು ತಟ್ಟೆ ಇಳಿಯುತ್ತದೆ,
ಅಲಗು ಪುಡಿ ಸವರುತ್ತದೆ, ಬೆಳಕು ಬರೆಯುತ್ತದೆ,
ಮುಂದಿನ ಪದರಕ್ಕೆ ಅರವತ್ತೇಳು ಡಿಗ್ರಿ ತಿರುಗಿ
ಮತ್ತೆ ಬರೆಯುತ್ತದೆ, ಡೆನಿಮ್ಮಿನ ಓರೆಗೆರೆಯ ಹಾಗೆ.
ಮೇಲಿನದಷ್ಟೇ ಕರಗಿದರೆ ಸಾಲದು.
ಆಗಲೇ ಆರಿ ಗಟ್ಟಿಯಾದ ಕೆಳಗಿನದು
ಇನ್ನೊಮ್ಮೆ ಒಂದಿಷ್ಟು ನೀರಾಗಬೇಕು.
ಎಷ್ಟು ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ,
ಆ ಪುಡಿಗೆ, ಆ ರಾತ್ರಿಗೆ.

ಅವಳ ಅಂಗಡಿಯ ಧೂಳು ನೀಲಿ.
ಹಲ್ಲು ಕೂರಿಸಿ, ಸ್ಕ್ರೂ ಬಿಗಿದು, ಪೆಡಲಿಗೆ ಕಾಲಿಟ್ಟಳು.
ನಾಲ್ಕು ಮಡಿಕೆಯ ಹೊಲಿಗೆ, ಗುಬುಗುಬು ಸದ್ದು.
ಬಟ್ಟೆ ಎತ್ತಿ ಬೆಳಕಿಗೆ ಹಿಡಿದು ಎಣಿಸಿದಳು,
"ಇಂಚಿಗೆ ಏಳು."
ಬೆರಳಿಂದ ಜಗ್ಗಿ ನೋಡಿದಳು. ನನ್ನತ್ತ ನೋಡಲಿಲ್ಲ.
"ಎಷ್ಟು ದಿನ ಬರ್ತದ?"
ಗೊತ್ತಿಲ್ಲ ಎಂದೆ. ಜರಡಿ ಹಿಡಿದು ನಾಲ್ಕನೆಯ ಸಲ ಬಳಸಿದ ಪುಡಿ,
ಹಳೆ ಜೋಳದ ಹಿಟ್ಟಿನಂತೆ ಯಾವಾಗ ಜಿಗಿ ಬಿಡುವುದೋ.
"ಹಂಗಾದ್ರ ಇನ್ನೊಂದು ಮಾಡಿಡು," ಎಂದಳು,
ದಾರ ಹಲ್ಲಿಂದ ಕಡಿಯುತ್ತ.
"ಅವಸರ ಇಲ್ಲ."